ಕಾಡತೂಸು ಮರುತುಂಬುವ ಪ್ರೆಸ್: ಆಯ್ಕೆಯ ಕ್ರಮ ಮತ್ತು ನಮ್ಮ ದೇಶದ ಕಾನೂನು

ಕೋವಿಯಿಂದ ಕಾಡತೂಸನ್ನು ಹಾರಿಸಿದಾಗ ಗುಂಡು ಹೊರಟುಹೋಗುತ್ತದೆ, ಮದ್ದು ಉರಿದುಹೋಗುತ್ತದೆ, ಕಿಡಿ ಹೊತ್ತಿಸುವ ಪ್ರೈಮರ್ ಸಿಡಿದು ನಿರುಪಯುಕ್ತವಾಗುತ್ತದೆ. ಹಿತ್ತಾಳೆಯ ಕೋಶವೊಂದೇ ಉಳಿಯುತ್ತದೆ. ಈ ಕೋಶವನ್ನು ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್, ಮದ್ದು ಮತ್ತು ಗುಂಡನ್ನು ಕೂಡಿಸುವ ಕೆಲಸಕ್ಕೆ ರೀಲೋಡಿಂಗ್ ಎಂದು ಹೆಸರು. ಅದಕ್ಕೆ ಬೇಕಾದ ಮುಖ್ಯ ಸಾಧನವೇ ಪ್ರೆಸ್. ಅಮೆರಿಕದಲ್ಲಿ ಗುರಿಕಾರರೂ ಬೇಟೆಗಾರರೂ ಮನೆಯ ಗ್ಯಾರೇಜಿನಲ್ಲಿಯೇ ಈ ಹವ್ಯಾಸವನ್ನು ನಡೆಸುತ್ತಾರೆ.

ಗಡಿನಾಡಿನ ಓದುಗರಿಗೆ ಇದೇಕೆ ಎಂಬ ಪ್ರಶ್ನೆ ಸಹಜ. ಕಾಡುಹಂದಿಯ ಕಾಟದಿಂದ ಬೇಸತ್ತ ಕೃಷಿಕ ಕುಟುಂಬದ ವಿದ್ಯಾರ್ಥಿಯೊಬ್ಬ, ಮೊಬೈಲಿನಲ್ಲಿ ಇಂಥ ಯಂತ್ರವನ್ನು ನೋಡಿ, "ಅಜ್ಜನ ಕೋವಿಗೆ ನಾವೇ ತೋಟೆ ಮಾಡಿಕೊಳ್ಳಬಹುದಲ್ಲವೇ ಸರ್?" ಎಂದು ನಮ್ಮನ್ನು ಕೇಳಿದನು. ಗದರಿಸಿ ಸುಮ್ಮನಾಗಿಸುವುದು ಸುಲಭವಿತ್ತು. ಆದರೆ ಯಂತ್ರವನ್ನೂ ಕಾನೂನನ್ನೂ ಎರಡನ್ನೂ ತಿಳಿಸುವುದೇ ಸರಿಯೆಂದು ನಮಗೆ ತೋರಿತು.

ಮೂರು ಬಗೆಯ ಪ್ರೆಸ್‌ಗಳು

ಎಲ್ಲ ಪ್ರೆಸ್‌ಗಳ ತತ್ತ್ವ ಒಂದೇ. ಹಿಡಿಯನ್ನು ಕೆಳಗೆಳೆದಾಗ ಕೋಶವು ಮೇಲೇರಿ ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಸೇರುತ್ತದೆ. ಒಂದು ಡೈ ಹಳೆಯ ಪ್ರೈಮರನ್ನು ತಳ್ಳಿ ಕೋಶವನ್ನು ಅಳತೆಗೆ ತರುತ್ತದೆ. ಇನ್ನೊಂದು ಗುಂಡನ್ನು ಕೂರಿಸುತ್ತದೆ.

ಸಿಂಗಲ್ ಸ್ಟೇಜ್ ಪ್ರೆಸ್ಸಿನಲ್ಲಿ ಒಂದು ಸಲಕ್ಕೆ ಒಂದೇ ಡೈ. ಐವತ್ತು ಕೋಶಗಳಿದ್ದರೆ ಐವತ್ತಕ್ಕೂ ಮೊದಲ ಕೆಲಸ ಮುಗಿಸಿ, ಡೈ ಬದಲಿಸಿ, ಎರಡನೆಯದಕ್ಕೆ ಹೋಗಬೇಕು. ಗಂಟೆಗೆ ಐವತ್ತರ ಆಸುಪಾಸು ಸಿದ್ಧವಾದರೆ ಹೆಚ್ಚು. ಆದರೆ ಮದ್ದು ತುಂಬಿದ ಕೋಶಗಳನ್ನು ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ದೀಪದ ಬೆಳಕಿನಲ್ಲಿ ಒಂದೊಂದನ್ನೂ ಪರೀಕ್ಷಿಸಲು ಅವಕಾಶವಿದೆ. ಆದ್ದರಿಂದಲೇ ಕಲಿಯುವವರಿಗೂ ನಿಖರತೆ ಬೇಡುವ ರೈಫಲ್ ಗುರಿಕಾರರಿಗೂ ಇದನ್ನೇ ಸೂಚಿಸುತ್ತಾರೆ. ಆರ್‌ಸಿಬಿಎಸ್ ಸಂಸ್ಥೆಯ ರಾಕ್ ಚಕರ್ ಈ ಬಗೆಯ ಪ್ರಸಿದ್ಧ ಮಾದರಿ.

ಟರೆಟ್ ಪ್ರೆಸ್ಸಿನ ತಲೆಯಲ್ಲಿ ಹಲವು ಡೈಗಳು ಸುತ್ತಲೂ ಕೂತಿರುತ್ತವೆ. ಲೀ ಸಂಸ್ಥೆಯ ಕ್ಲಾಸಿಕ್ ಟರೆಟ್‌ನಲ್ಲಿ ನಾಲ್ಕು, ರೆಡ್ಡಿಂಗ್ ಟಿ-7ರಲ್ಲಿ ಏಳು ಸ್ಥಾನಗಳಿವೆ. ತಲೆಯನ್ನು ತಿರುಗಿಸಿದರೆ ಸಾಕು, ಡೈ ಬಿಚ್ಚಬೇಕಿಲ್ಲ. ವೇಗವೂ ಹಿಡಿತವೂ ಮಧ್ಯಮ.

ಪ್ರೊಗ್ರೆಸಿವ್ ಪ್ರೆಸ್ಸಿನಲ್ಲಿ ಹಲವು ಕೋಶಗಳು ಒಂದೇ ತಟ್ಟೆಯಲ್ಲಿ ನಿಂತು, ಹಿಡಿಯ ಒಂದು ಎಳೆತಕ್ಕೆ ಎಲ್ಲ ಹಂತಗಳೂ ಒಟ್ಟಿಗೆ ನಡೆಯುತ್ತವೆ. ಪ್ರತಿ ಎಳೆತಕ್ಕೆ ಒಂದು ಕಾಡತೂಸು ಸಿದ್ಧ, ಗಂಟೆಗೆ ನೂರಾರು. ಡಿಲ್ಲನ್ ಸಂಸ್ಥೆಯ 550ರಲ್ಲಿ ತಟ್ಟೆಯನ್ನು ಕೈಯಿಂದ ತಿರುಗಿಸಬೇಕು. 750ರಲ್ಲಿ ಅದು ತಾನಾಗಿ ತಿರುಗುತ್ತದೆ. ಹಲವು ಕೆಲಸಗಳು ಏಕಕಾಲಕ್ಕೆ ಸಾಗುವುದರಿಂದ ತಪ್ಪು ಕಣ್ಣಿಗೆ ಬೀಳದೆ ದಾಟಿಹೋಗುವ ಅಪಾಯ ಇಲ್ಲಿ ಹೆಚ್ಚು.

ಆಯ್ಕೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಮೊದಲನೆಯದು, ತಿಂಗಳಿಗೆ ಎಷ್ಟು ಬೇಕು? ನೂರರೊಳಗಾದರೆ ಸಿಂಗಲ್ ಸ್ಟೇಜ್ ಸಾಕು. ಎರಡನೆಯದು, ಯಾವ ಕಾಡತೂಸು? ಉದ್ದನೆಯ ರೈಫಲ್ ಕೋಶಕ್ಕೆ ಬಲವಾದ ಚೌಕಟ್ಟೂ ದೊಡ್ಡ ಬಾಯಿಯೂ ಬೇಕು. ಚರೆ ತುಂಬುವ ಹನ್ನೆರಡು ಬೋರಿನ ತೋಟೆಗೆ ಬೇರೆಯೇ ಪ್ರೆಸ್ ಇದೆ. ಮೂರನೆಯದು, ಡೈ ಹೊಂದುತ್ತದೆಯೇ? ಬಹುತೇಕ ಪ್ರೆಸ್‌ಗಳು ಏಳೆಂಟಾಂಶ ಇಂಚಿನ ಒಂದೇ ಪ್ರಮಾಣದ ತಿರುಪನ್ನು ಬಳಸುತ್ತವೆ. ಕೆಲವು ಮಾತ್ರ ತಮ್ಮದೇ ಡೈ ಬೇಡುತ್ತವೆ. ನಾಲ್ಕನೆಯದು, ಬೋಲ್ಟು ಹಾಕಿ ಬಿಗಿಯಲು ಅಲುಗದ ಮೇಜಿದೆಯೇ? ತಕ್ಕಡಿ, ಅಳತೆಯ ಕ್ಯಾಲಿಪರ್, ಮುದ್ರಿತ ಪ್ರಮಾಣಗಳ ಕೈಪಿಡಿ ಇವುಗಳ ಖರ್ಚು ಪ್ರತ್ಯೇಕ.

ಮದ್ದನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಒಂದೇ ಕೋಶಕ್ಕೆ ಎರಡು ಬಾರಿ ಮದ್ದು ಬಿದ್ದರೆ ಕೋವಿಯೇ ಒಡೆಯಬಹುದು. ಮದ್ದು ಬೀಳದೆ ಹೋದರೆ ಗುಂಡು ನಳಿಕೆಯಲ್ಲಿ ಸಿಕ್ಕಿಕೊಂಡು, ಮುಂದಿನ ಗುಂಡಿಗೆ ನಳಿಕೆ ಸಿಡಿಯಬಹುದು. ನಮ್ಮ ಕಡೆಯ ಹಳೆಯ ಕೇಪಿನ ಕೋವಿಗಳು ಕರಿಮದ್ದಿಗಾಗಿ ಆದವು. ಹೊಗೆಯಿಲ್ಲದ ಆಧುನಿಕ ಮದ್ದಿನ ಒತ್ತಡವನ್ನು ಅವು ತಾಳಲಾರವು. ಸೀಸದ ಧೂಳು ದೇಹಕ್ಕೆ ವಿಷವಾದ್ದರಿಂದ ಮಕ್ಕಳಿರುವ ಕೋಣೆಯಲ್ಲಾಗಲಿ ಅಡುಗೆಮನೆಯಲ್ಲಾಗಲಿ ಈ ಕೆಲಸ ಸಲ್ಲದು.

ನಮ್ಮ ದೇಶದಲ್ಲಿ

ಅಮೆರಿಕದ ಒಕ್ಕೂಟ ಕಾನೂನಿನಂತೆ ಸ್ವಂತ ಬಳಕೆಗೆ ಕಾಡತೂಸು ತುಂಬಿಕೊಳ್ಳಲು ಪರವಾನಗಿ ಬೇಡ. ಮಾರಾಟಕ್ಕಾಗಿ ತಯಾರಿಸಲು ಮಾತ್ರ ಬೇಕು. ಭಾರತದಲ್ಲಿ ಸ್ಥಿತಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ಎರಡನೆಯ ಕಲಮು ಮದ್ದುಗುಂಡು ಎಂಬ ಪದದ ಅರ್ಥದೊಳಗೆ ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಸೇರಿಸಿದೆ. ಐದನೆಯ ಕಲಮು ಪರವಾನಗಿಯಿಲ್ಲದ ತಯಾರಿಕೆಯನ್ನು ನಿಷೇಧಿಸಿದೆ. 2019ರ ತಿದ್ದುಪಡಿಯ ಬಳಿಕ ಅದರ ಉಲ್ಲಂಘನೆಗೆ ಕನಿಷ್ಠ ಏಳು ವರ್ಷ ಸೆರೆವಾಸ, ಗರಿಷ್ಠ ಜೀವಾವಧಿ ಶಿಕ್ಷೆ. ಆಮದಿಗೂ ಪರವಾನಗಿ ಬೇಕಾದುದರಿಂದ, ಅಮೆರಿಕದಲ್ಲಿರುವ ಬಂಧುಗಳು ಊರಿಗೆ ಬರುವಾಗ ಉಡುಗೊರೆಯೆಂದು ಪ್ರೆಸ್ ತರುವುದೂ ಅಪಾಯಕಾರಿ. ಕೋವಿ ಇಟ್ಟುಕೊಳ್ಳಲು ಇರುವ ಪರವಾನಗಿ ಕಾಡತೂಸು ತಯಾರಿಸಲು ಇರುವ ಪರವಾನಗಿಯಲ್ಲ. ವಯನಾಡಿನ ನೆರೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ದೊರೆತಿರುವ ವಿನಾಯಿತಿಯೂ ಕೋವಿ ಹೊಂದುವುದಕ್ಕೇ ಹೊರತು ಮದ್ದುಗುಂಡು ತಯಾರಿಸುವುದಕ್ಕಲ್ಲ.

ಹಾಗಾದರೆ ಹಂದಿಯ ಕಾಟಕ್ಕೆ ಪರಿಹಾರವೇನು? ಬೆಳೆಹಾನಿ ಮಾಡುವ ಕಾಡುಹಂದಿಯನ್ನು ಪರವಾನಗಿಯುಳ್ಳವರಿಂದ ಕೊಲ್ಲಿಸಲು ಆದೇಶಿಸುವ ಅಧಿಕಾರವನ್ನು ಕೇರಳ ಸರಕಾರವು 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ನೀಡಿತು. ಕಾಸರಗೋಡು ಮತ್ತು ವಯನಾಡಿನ ಕೃಷಿಕರು ಮೊದಲು ಪಂಚಾಯತಿಗೆ ಲಿಖಿತ ದೂರು ಕೊಡಬೇಕು. ಕೋವಿಗೆ ತೋಟೆ ಬೇಕಾದವರು ಪರವಾನಗಿಯಲ್ಲಿ ನಮೂದಾದ ಪ್ರಮಾಣವನ್ನು ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಬೇಕು.

ಆ ವಿದ್ಯಾರ್ಥಿಗೆ ನಾವು ಪ್ರೆಸ್ಸಿನ ಚಿತ್ರ ಬರೆದು ವಿವರಿಸಿದೆವು. ಬಳಿಕ ಕಾಯಿದೆಯ ಕಲಮುಗಳನ್ನು ಕನ್ನಡದಲ್ಲಿ ಓದಿ ಹೇಳಿದೆವು. ಮರುದಿನ ಅವನು ಅಜ್ಜನ ಹೆಸರಿನಲ್ಲಿ ಪಂಚಾಯತಿಗೆ ಅರ್ಜಿ ಬರೆದು ತಂದು, ತಿದ್ದಿಕೊಡಿರೆಂದು ಕೇಳಿದನು.