ಕೋವಿ ತೊಳೆಯುವ ವಿದ್ಯೆ

ಹಾಸನ ಸೀಮೆಯ ಚರಿತ್ರೆಯನ್ನು ಬರೆದವರು ಬೇಲೂರು ಹಳೇಬೀಡುಗಳ ಶಿಲ್ಪವೈಭವವನ್ನೂ ಶ್ರವಣಬೆಳಗೊಳದ ಶಾಸನಸಂಪತ್ತನ್ನೂ ಮನದಣಿಯೆ ವರ್ಣಿಸಿದ್ದಾರೆ. ಹೊಯ್ಸಳರ ತೇಜಸ್ಸು ಅಡಗಿದ ಮೇಲೆ ಅದೇ ನೆಲವನ್ನು ಹಂಚಿಕೊಂಡು ಆಳಿದ ಪಾಳೆಯಗಾರರ ವಂಶಾವಳಿಗಳನ್ನೂ ಅವರ ಕೋಟೆಕೊತ್ತಲಗಳನ್ನೂ ಕುರಿತು ಅಷ್ಟಿಷ್ಟು ಬರೆದಿದ್ದಾರೆ. ಆದರೆ ಆ ಕೋಟೆಗಳನ್ನು ಕಾದ ಕೋವಿಗಳು ಮಳೆಗಾಲಗಳನ್ನು ದಾಟಿ ತುಕ್ಕಿಗೆ ತುತ್ತಾಗದೆ ಹೇಗೆ ಉಳಿದುವು, ಅವನ್ನು ಯಾವ ನೀರಿನಿಂದ ತೊಳೆದು ಯಾವ ಎಣ್ಣೆಯನ್ನು ಸವರುತ್ತಿದ್ದರು ಎಂಬ ಸಂಗತಿಗೆ ಗ್ರಂಥಗಳಲ್ಲಿ ದೊರೆತಿರುವ ಸ್ಥಳ ಬಹಳ ಸ್ವಲ್ಪ. ಬಚ್ಚಲೊಲೆ, ಗಾಣ, ಬೂದಿಗುಂಡಿ ಈ ಮೂರರ ಆಶ್ರಯದಲ್ಲಿ ಬೆಳೆದ ಆ ವಿದ್ಯೆಯನ್ನು ಅಲ್ಪವೆಂದು ನಾನು ಎಣಿಸಲಾರೆ. ವಿಜ್ಞಾನವು ಬಹಳ ತಡವಾಗಿ ಕಂಡುಕೊಂಡ ಒಂದು ಸತ್ಯವನ್ನು ಅದು ಬರಿಯ ಅಭ್ಯಾಸಬಲದಿಂದಲೇ ಕೈವಶ ಮಾಡಿಕೊಂಡಿತ್ತೆಂದು ನನ್ನ ದೃಢವಾದ ನಂಬಿಕೆ.

ಈ ಸೀಮೆ ಆಯುಧಗಳಿಗೆ ಹೊಸತಲ್ಲ. ಅರಕಲಗೂಡನ್ನು ಸುಮಾರು 1568ರಲ್ಲಿ ಐಗೂರಿನ ನಾಯಕರಲ್ಲಿ ಒಬ್ಬನಾದ ಕೃಷ್ಣಪ್ಪ ನಾಯಕನು ಕಟ್ಟಿದನು; ಕೊಳತೂರೆಂಬ ಹಳ್ಳಿಯನ್ನು ಸುಮಾರು 1600ರಲ್ಲಿ ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕನು ಗೆದ್ದು ತನ್ನ ಮಗ ಚನ್ನರಾಯನಿಗೆ ಉಂಬಳಿಯಾಗಿ ಕೊಡಲು ಅದು ಚನ್ನರಾಯಪಟ್ಟಣವಾಯಿತು. 1667ರಲ್ಲಿ ಹೊಳೆನರಸೀಪುರವೂ 1694ರಲ್ಲಿ ಚಿಕ್ಕದೇವರಾಜರ ಕಾಲಕ್ಕೆ ಅರಕಲಗೂಡೂ ಮೈಸೂರಿಗೆ ಸೇರಿದುವು. ಮುಂದೆ ಹೈದರಲಿಯು ಚನ್ನರಾಯಪಟ್ಟಣದ ಕೋಟೆಗೆ ನೀರಿನ ಕಂದಕವನ್ನು ತೋಡಿಸಿದನು. ಟೀಪುವು 1792ರಲ್ಲಿ ಸಕಲೇಶಪುರದ ಬಳಿ ನಕ್ಷತ್ರಾಕಾರದ ಮಂಜರಾಬಾದು ಕೋಟೆಯನ್ನು ಕಟ್ಟಿಸಿ, ಅದರ ನಡುವೆ ಮದ್ದನ್ನು ತಂಪಾಗಿಡಲು ನೆಲಮಾಳಿಗೆಗಳನ್ನು ಮಾಡಿಸಿದನು. ಶ್ರೀರಂಗಪಟ್ಟಣ ಬಿದ್ದ ಮೇಲೆಯೂ ತಲೆಬಾಗದ, ಮಂಜರಾಬಾದಿನ ಸುತ್ತಿನ ಬಲಂ ಸೀಮೆಯ ವೆಂಕಟಾದ್ರಿ ನಾಯಕನ ಮೇಲೆ ಆರ್ಥರ್ ವೆಲ್ಲೆಸ್ಲಿಯು 1802ರ ಜನವರಿಯಲ್ಲಿ ದಂಡೆತ್ತಿ ಹೋಗಿ, ಮರುತಿಂಗಳು ಅವನನ್ನು ಗಲ್ಲಿಗೇರಿಸಿದನು. ಪಾಳೆಯಪಟ್ಟುಗಳು ಅಳಿದುವು, ಕೋವಿ ಮಾತ್ರ ಅಳಿಯಲಿಲ್ಲ. ಕಾಡುಹಂದಿಯಿಂದ ಗದ್ದೆಯನ್ನೂ ಹುಲಿಚಿರತೆಗಳಿಂದ ಕೊಟ್ಟಿಗೆಯನ್ನೂ ಕಾಯುವ ಸಾಧನವಾಗಿ ಅದು ಗೌಡರ, ಪಟೇಲರ, ಶಾನುಭೋಗರ ಮನೆಗಳ ಗೋಡೆಯ ಮೇಲೆ ನೆಲೆನಿಂತಿತು.

ಬತ್ತಿಯ ಕೋವಿ ಹೋಗಿ ಚಕಮಕಿಯದು ಬಂದರೂ, ಚಕಮಕಿಯದು ಹೋಗಿ ಕೇಪಿನ ಕೋವಿ ಬಂದರೂ, ಬಾಯಿಂದ ಮದ್ದು ತುಂಬಿ ಗಜದಿಂದ ಜಡಿಯುವ ಕ್ರಮ ಬದಲಾಗಲಿಲ್ಲ. ಮದ್ದೂ ಅದೇ ಕರಿಮದ್ದು. ಈ ಕರಿಮದ್ದಿನ ದೋಷವೇನೆಂದರೆ, ಉರಿದಾಗ ಅದರ ತೂಕದಲ್ಲಿ ಅರ್ಧಕ್ಕಿಂತಲೂ ಹೆಚ್ಚಿನ ಅಂಶ ಅನಿಲವಾಗದೆ ಘನಕಣಗಳಾಗಿಯೇ ಉಳಿದು, ಒಂದು ಭಾಗ ಬಿಳಿಯ ಹೊಗೆಯಾಗಿ ಹೊರಬಿದ್ದರೂ ಮಿಕ್ಕದ್ದು ನಳಿಗೆಯ ಒಳಮೈಗೆ ಮಸಿಯಾಗಿ ಅಂಟುತ್ತದೆ. ಆ ಮಸಿ ಬರಿಯ ಇದ್ದಿಲಲ್ಲ. ಪೊಟ್ಯಾಸಿಯಂನ ಕಾರ್ಬೊನೇಟು, ಸಲ್ಫೇಟು, ಸಲ್ಫೈಡುಗಳೆಂಬ ಲವಣಗಳು ಅದರಲ್ಲಿ ಬೆರೆತಿರುತ್ತವೆ. ಇವುಗಳಲ್ಲಿ ಕೆಲವು ಗಾಳಿಯ ಆರ್ದ್ರತೆಯನ್ನು ತಾವಾಗಿಯೇ ಹೀರಿಕೊಳ್ಳುವುದರಿಂದ, ಸಂಜೆ ಈಡು ಹಾರಿಸಿ ಗೋಡೆಗೆ ಆನಿಸಿಟ್ಟ ಕೋವಿ ಬೆಳಗಾಗುವುದರೊಳಗೆ ಒಳಗೊಳಗೇ ಕೆಂಪಾಗತೊಡಗುತ್ತದೆ. ವರ್ಷಕ್ಕೆ ಸುಮಾರು 700 ಮಿಲಿಮೀಟರಿನಷ್ಟು ಮಳೆ ಕಾಣುವ ಚನ್ನರಾಯಪಟ್ಟಣದ ಬಯಲಿನಲ್ಲಿ ಇದಕ್ಕೆ ಒಂದೆರಡು ದಿನ ಹಿಡಿದೀತು. 2,000ಕ್ಕೂ ಮಿಕ್ಕು ಸುರಿಯುವ ಸಕಲೇಶಪುರದ ಮಗ್ಗುಲಿನಲ್ಲಿ ಒಂದು ರಾತ್ರಿಯೇ ಸಾಕು.

ಇಲ್ಲಿ ಗಮನಿಸಬೇಕಾದ ಮರ್ಮವೊಂದಿದೆ. ಈ ಲವಣಗಳು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತವೆ. ಕಬ್ಬಿಣಕ್ಕೆ ನೀರು ಶತ್ರುವೆಂದು ಬಲ್ಲ ಮನುಷ್ಯನು ಕೋವಿಯ ನಳಿಗೆಗೆ ಚೆಂಬುಗಟ್ಟಲೆ ನೀರು ಹೊಯ್ಯುವ ಧೈರ್ಯವನ್ನು ಎಲ್ಲಿಂದ ಪಡೆದನೋ, ಅಂತೂ ನಮ್ಮ ಹಿರಿಯರು ಹೊಯ್ದರು. ಮೊದಲು ಗಜವನ್ನು ಇಳಿಬಿಟ್ಟು ಒಳಗೆ ಈಡು ಇಲ್ಲವೆಂದು ನಿಶ್ಚಯಿಸಿಕೊಂಡು, ಬುಡವನ್ನು ಅಗಲವಾದ ಬೋಗುಣಿಯಲ್ಲಿ ನಿಲ್ಲಿಸಿ, ಬಚ್ಚಲ ಹಂಡೆಯಿಂದ ತೋಡಿದ ಕುದಿನೀರನ್ನು ಬಾಯಿಂದ ಹೊಯ್ದರೆ, ಕೇಪು ಕೂಡುವ ಮೂಗಿನ ಸಣ್ಣ ರಂಧ್ರದಿಂದ ಕಾಡಿಗೆಯಂಥ ನೀರು ಚಿಮ್ಮುತ್ತಿತ್ತು, ಅದರ ಹಿಂದೆಯೇ ಕೊಳೆತ ಮೊಟ್ಟೆಯ ದುರ್ಗಂಧ ಮೂಗಿಗೆ ಬಡಿಯುತ್ತಿತ್ತು. ಅದು ಸಲ್ಫೈಡು ನೀರಿನಲ್ಲಿ ಕರಗಿದಾಗ ಹುಟ್ಟುವ ವಾಸನೆ. ಅದು ನಿಲ್ಲುವವರೆಗೆ ತೊಳೆಯಬೇಕೆಂಬುದೇ ಲೆಕ್ಕ. ಅನಂತರ ಗಜದ ತುದಿಗೆ ಹಳೆಯ ಪಂಚೆಯ ಚಿಂದಿಯನ್ನು ಸುತ್ತಿ ಮೇಲಕ್ಕೂ ಕೆಳಕ್ಕೂ ಆಡಿಸಿದರೆ, ಬೋಗುಣಿಯ ನೀರು ಆ ರಂಧ್ರದಿಂದಲೇ ಒಳಕ್ಕೆ ಏರಿ ಮತ್ತೆ ಹೊರಕ್ಕೆ ಇಳಿಯುತ್ತ ನಳಿಗೆಯನ್ನು ತಾನೇ ಉಜ್ಜುತ್ತಿತ್ತು. ಕಡೆಯ ನೀರು ಕೈಯಿಡಲಾರದಷ್ಟು ಬಿಸಿಯಾಗಿರಬೇಕು. ಕಬ್ಬಿಣವು ಆ ಕಾವನ್ನು ಹೀರಿಕೊಂಡು ತನ್ನ ತೇವವನ್ನು ತಾನೇ ಆರಿಸಿಕೊಳ್ಳುತ್ತದೆ. ಆ ಕಾವು ಇಳಿಯುವ ಮೊದಲೇ ಎಣ್ಣೆ ಬೀಳಬೇಕು.

ಹಿಂದಿನ ಸಲದ ಎಣ್ಣೆ ಜಿಡ್ಡುಗಟ್ಟಿದ್ದರೆ ನೀರಿಗೆ ಒಲೆಯ ಬೂದಿಯನ್ನು ಕಲಸಿ ತಿಳಿಯನ್ನು ಬಸಿದುಕೊಳ್ಳುತ್ತಿದ್ದರು. ಬೂದಿಯ ಕ್ಷಾರವು ಜಿಡ್ಡಿನೊಡನೆ ಕೂಡಿ ಸಾಬೂನಾಗಿ ಮಾರ್ಪಟ್ಟು ನೀರಿನೊಡನೆ ಹರಿದುಹೋಗುವುದರಿಂದ, ಪೇಟೆಯ ದ್ರಾವಕಗಳ ಕೆಲಸವನ್ನು ಅದು ಕಾಸಿಲ್ಲದೆ ಮಾಡುತ್ತಿತ್ತು. ತುಕ್ಕು ಕಂಡರೆ ಹುಣಿಸೆಹುಳಿ. ಹುಳಿ ಕಬ್ಬಿಣವನ್ನೂ ತಿನ್ನುವುದರಿಂದ ಅದರ ಮೇಲೆ ಮತ್ತೆ ಬೂದಿನೀರು. ಹುಳಿಗೆ ಕ್ಷಾರವು ಪ್ರತಿಯೆಂಬ ಈ ನ್ಯಾಯವನ್ನು ತಾಮ್ರ ಹಿತ್ತಾಳೆಗಳನ್ನು ಬೆಳಗುತ್ತಿದ್ದ ಹೆಂಗಸರಿಂದಲೇ ಗಂಡಸರು ಕಲಿತಿರಬೇಕು.

ಇನ್ನು ಎಣ್ಣೆಯ ವಿಷಯ. ಈ ಸೀಮೆಯಲ್ಲಿ ಎಣ್ಣೆಗೆ ಕೊರತೆಯಿಲ್ಲ. ಚನ್ನರಾಯಪಟ್ಟಣದ ಕಡೆ ತೆಂಗು, ರಾಗಿಯ ಹೊಲದ ಅಂಚಿನಲ್ಲಿ ಹುಚ್ಚೆಳ್ಳು ಮತ್ತು ಹರಳು, ಹಳ್ಳದ ದಂಡೆಯಲ್ಲಿ ಹೊಂಗೆ, ಗುಂಡುತೋಪುಗಳಲ್ಲಿ ಹಿಪ್ಪೆ. ಆದರೆ ಎಲ್ಲ ಎಣ್ಣೆಯೂ ಕೋವಿಗೆ ಒಗ್ಗುವುದಿಲ್ಲ. ಹುಚ್ಚೆಳ್ಳಿನದು ಗಾಳಿಗೆ ಕ್ರಮೇಣ ಗಟ್ಟಿಯಾಗಿ ಅರಗಿನಂತೆ ಕಚ್ಚಿಕೊಳ್ಳುವ ಜಾತಿಗೆ ಸೇರಿದ್ದು. ಕೋವಿಯ ಕುದುರೆಗೆ, ಎಂದರೆ ಕೇಪನ್ನು ಬಡಿಯುವ ಸುತ್ತಿಗೆಗೆ, ಅದನ್ನು ಬಿಟ್ಟರೆ ಬೇಕಾದ ಹೊತ್ತಿಗೆ ಕುದುರೆ ಬೀಳದು. ಕೊಬ್ಬರಿ ಎಣ್ಣೆ ಗಟ್ಟಿಯಾಗದೆಯೂ ಬೇಗ ಕೆಡದೆಯೂ ಇರುವಂಥದಾದರೂ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ, ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿರುವ ಹಾಸನದಲ್ಲಿ ಧನುರ್ಮಾಸದ ಬೆಳಗಿನ ಜಾವಕ್ಕೆ ಅದು ಬೆಣ್ಣೆಯಾಗಿ ಕುಳಿತಿರುತ್ತದೆ. ಹೊಂಗೆಯದು ಕಹಿ, ಹುಳು ಹತ್ತದು, ಮರದ ಹಿಡಿಗೆ ಬಹಳ ಹಿತ. ಆದರೆ ಹಳತಾದಂತೆ ಅದರಲ್ಲಿ ಆಮ್ಲಾಂಶ ಹೆಚ್ಚುವುದರಿಂದ ಹಿತ್ತಾಳೆಯ ಕಟ್ಟುಗಳು ಹಸಿರು ಬಿಡುತ್ತವೆ.

ಎಲ್ಲಕ್ಕೂ ಮಿಗಿಲಾದದ್ದು ಹರಳೆಣ್ಣೆ. ಹರಳನ್ನು ಹುರಿದು, ಒರಳಿನಲ್ಲಿ ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಹುಷಾರಾಗಿ ತೆಗೆದು, ನೀರಿನಂಶವೆಲ್ಲ ಸತ್ತು ಚಟಪಟ ಸದ್ದು ಅಡಗುವವರೆಗೆ ಮತ್ತೆ ಕಾಯಿಸುವ ಕ್ರಮವನ್ನು ನಮ್ಮ ಮನೆಗಳಲ್ಲಿ ಎಳೆಗೂಸಿನ ನೆತ್ತಿಗಾಗಿಯೂ ಗಾಡಿಯ ಅಚ್ಚಿಗಾಗಿಯೂ ಅನುಸರಿಸುತ್ತಿದ್ದರಷ್ಟೆ. ಕೋವಿಗೂ ಅದರಿಂದಲೇ ಪಾಲು. ಇದರ ಹತ್ತರಲ್ಲಿ ಎಂಟೊಂಬತ್ತು ಪಾಲು ರಿಸಿನೋಲಿಕ್ ಆಮ್ಲದ ಅಂಶವಾಗಿದ್ದು, ಲೋಹವನ್ನು ಬಿಡದೆ ಹಿಡಿದುಕೊಳ್ಳುವ ಗುಣ ಅದರಿಂದಲೇ ಬಂದದ್ದು. ಭಾರತದ ಆರಂಭದ ರೈಲುಗಳ ಅಚ್ಚುಗಳೂ, ಮೊದಲ ಮಹಾಯುದ್ಧದ ಅನೇಕ ವಿಮಾನಗಳ ಯಂತ್ರಗಳೂ ಇದೇ ಎಣ್ಣೆಯಿಂದ ತಿರುಗಿದುವು. ಕೋಳಿಯ ಪುಕ್ಕದ ತುದಿಯನ್ನು ಇದರಲ್ಲಿ ಅದ್ದಿ ಕುದುರೆಯ ಸಂದಿಗೆ ಒಂದೇ ತೊಟ್ಟು ಬಿಡುವುದು, ನಳಿಗೆಯಲ್ಲಿ ಎಣ್ಣೆಬಟ್ಟೆಯನ್ನು ಒಮ್ಮೆ ಎಳೆಯುವುದು, ಮತ್ತೆ ಈಡು ತುಂಬುವ ಮುನ್ನ ಒಣಬಟ್ಟೆಯಿಂದ ಅದನ್ನು ನಿಶ್ಶೇಷವಾಗಿ ಒರಸುವುದು. ಒರಸದಿದ್ದರೆ ಮದ್ದು ಎಣ್ಣೆ ಕುಡಿದು ಸತ್ತುಹೋಗುತ್ತದೆ.

ಎಣ್ಣೆ ಯಾವುದೆಂಬ ಪ್ರಶ್ನೆ ಕೇವಲ ಅನುಕೂಲದ್ದಲ್ಲವೆಂಬುದನ್ನು 1857ರ ಸಿಪಾಯಿದಂಗೆ ಜಗತ್ತಿಗೇ ತೋರಿಸಿತು. ಎನ್‌ಫೀಲ್ಡ್ ಬಂದೂಕಿನ ತೋಟೆಗಳಿಗೆ ಸವರಿದ ಕೊಬ್ಬಿನ ವಿಷಯವಾಗಿ ಸಿಪಾಯಿಗಳಲ್ಲಿ ಶಂಕೆ ಹಬ್ಬಿದಾಗ, ಕಂಪೆನಿ ಸರಕಾರವು ಆ ವರ್ಷದ ಜನವರಿಯಲ್ಲಿ ತೋಟೆಗಳನ್ನು ಜಿಡ್ಡಿಲ್ಲದೆ ಕೊಟ್ಟು, ಸಿಪಾಯಿಗಳು ತಮಗೆ ಒಪ್ಪುವ ಲೇಪವನ್ನು ತಮ್ಮ ಕೈಯಿಂದಲೇ ಹಚ್ಚಿಕೊಳ್ಳಲೆಂದು ಅಪ್ಪಣೆಮಾಡಿತು. ಅಪ್ಪಣೆ ತಡವಾಯಿತು. ಮನೆಯ ಗಾಣದ ಎಣ್ಣೆಯಲ್ಲಿ ಮನುಷ್ಯನಿಗೆ ಇರುವ ವಿಶ್ವಾಸ ಎಷ್ಟು ಆಳವಾದದ್ದೆಂಬುದನ್ನು ಅಧಿಕಾರದಲ್ಲಿದ್ದವರು ಅರಿತಿರಲಿಲ್ಲ.

ಮಂಜರಾಬಾದಿಗೆ ಕಾಫಿಯ ದೊರೆಗಳು ಬಂದ ಮೇಲೆ ಹೊಸ ಕೋವಿಗಳೂ ಹೊಸ ಎಣ್ಣೆಗಳೂ ಬಂದುವು. 1850ರ ದಶಕದಲ್ಲಿ ಇಲ್ಲಿಗೆ ಬಂದು ನೆಲಸಿದ ರಾಬರ್ಟ್ ಎಲಿಯಟ್ ಎಂಬಾತನು 1894ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೈಸೂರಿನ ಚಿನ್ನ, ಕಾಫಿಗಳ ಜೊತೆಗೆ ಬೇಟೆಗೂ ಸಮಾನ ಸ್ಥಾನ ಕೊಟ್ಟಿರುವುದನ್ನು ಕಂಡರೆ, ಆ ತೋಟಗಳಲ್ಲಿ ಜೋಡುನಳಿಗೆಯ ತೋಟಾಕೋವಿಗೆ ಎಂಥ ಮರ್ಯಾದೆಯಿತ್ತೆಂದು ಊಹಿಸಬಹುದು. ಬರ್ಮದ ನೆಲದೆಣ್ಣೆಯಿಂದ ತೆಗೆದ ರಂಗೂನು ಎಣ್ಣೆ ಬ್ರಿಟಿಷ್ ಸೈನ್ಯದ ಬಂದೂಕಿಗೆ ನಿಯತವಾಗಿತ್ತು. ಸೀಮೆಎಣ್ಣೆ ಡಬ್ಬಗಳಲ್ಲಿ ಹಳ್ಳಿಗೂ ಇಳಿಯಿತು. ಇಷ್ಟರಲ್ಲಿ 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ್ದನು. ಮಸಿ ಕಡಿಮೆಯಾಯಿತು, ಇನ್ನು ನೀರೇಕೆ, ಸೀಮೆಎಣ್ಣೆಯಿಂದ ಒರಸಿ ಒಳ್ಳೆಯ ಎಣ್ಣೆ ಹಚ್ಚಿದರೆ ಸಾಕೆಂಬ ಅಭಿಪ್ರಾಯ ಪೂರ್ವಪಶ್ಚಿಮಗಳೆರಡರಲ್ಲಿಯೂ ಹರಡಿತು. ಆದರೂ ನಳಿಗೆಗಳು ಎಣ್ಣೆಯ ಪದರದ ಅಡಿಯಲ್ಲಿಯೇ ತುಕ್ಕು ಹಿಡಿದುವು. ಅಮೆರಿಕದ ಸೈನಿಕ ಕಾರ್ಖಾನೆಯೊಂದು ಅಸಿಟೋನು, ಟರ್ಪೆಂಟೈನು, ಸೀಮೆಎಣ್ಣೆ, ತಿಮಿಂಗಿಲದ ಎಣ್ಣೆಗಳನ್ನು ಬೆರೆಸಿ ಮಾಡಿದ ದ್ರಾವಕ ಪ್ರಸಿದ್ಧವಾಯಿತು; ಆದರೆ ರೋಗದ ಮೂಲ ಬೇರೆಡೆ ಇತ್ತು. ಅದನ್ನು ಅಲ್ಲಿಯ ಗಣಿ ಇಲಾಖೆಯ ವಿಲ್ಬರ್ಟ್ ಹಫ್ ಎಂಬ ರಸಾಯನಜ್ಞನು 1922ರಲ್ಲಿ ಪ್ರಕಟಪಡಿಸಿದನು: ಕೇಪಿನೊಳಗಿನ ಪೊಟ್ಯಾಸಿಯಂ ಕ್ಲೋರೇಟು ಉರಿದು, ಅಡಿಗೆಯ ಉಪ್ಪಿಗೆ ಸೋದರನಾದ ಕ್ಲೋರೈಡಾಗಿ ನಳಿಗೆಯಲ್ಲಿ ಉಳಿಯುತ್ತದೆ, ಅದನ್ನು ಯಾವ ಎಣ್ಣೆಯೂ ಕರಗಿಸದು, ನೀರು ಕರಗಿಸುತ್ತದೆ. ಬ್ರಿಟಿಷ್ ಸೈನಿಕನು ತನ್ನ ಥ್ರೀ-ನಾಟ್-ಥ್ರೀ ಬಂದೂಕಿಗೆ ಆಲಿಕೆಯಿಟ್ಟು ಕುದಿನೀರು ಹೊಯ್ಯುತ್ತಿದ್ದದ್ದೂ ಇದಕ್ಕಾಗಿಯೇ. ಬಚ್ಚಲಮನೆಯ ಹಂಡೆಯ ಮುಂದೆ ಕುಳಿತು ಕೇಪಿನ ಕೋವಿಯನ್ನು ತೊಳೆದ ನಮ್ಮ ಅನಕ್ಷರಸ್ಥ ಬೇಟೆಗಾರನು ಮಾಡಿದ್ದೂ ಅದನ್ನೇ ಅಲ್ಲವೆ!

ಅರಕಲಗೂಡಿನ ಗಡಿಗೆ ಅಂಟಿಕೊಂಡಿರುವ ಕೊಡಗಿನಲ್ಲಿ ಈ ಶುದ್ಧಿಕ್ರಮ ವ್ರತದ ಸ್ವರೂಪವನ್ನೇ ತಾಳಿದೆ. ನಾಟಿಯ ಕೆಲಸ ಮುಗಿದ ಮೇಲೆ ಸೆಪ್ಟೆಂಬರಿನ ಆದಿಯಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ಉಜ್ಜಿ ತೊಳೆದು, ತೋಕ್ ಪೂ ಎಂಬ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ನಮ್ಮ ಸೀಮೆಯಲ್ಲಿ ಆ ಸ್ಥಾನ ಮಹಾನವಮಿಯ ಆಯುಧಪೂಜೆಗೆ.

1959ರ ಶಸ್ತ್ರಾಸ್ತ್ರ ಕಾಯಿದೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಬಂದ ಬಳಿಕ ಬೇಟೆಯ ಕಾಲ ಮುಗಿಯಿತು. ಅದು ಮುಗಿದದ್ದು ಒಳ್ಳೆಯದೇ ಆಯಿತು, ಕಾಡು ಉಳಿಯಬೇಕಾಗಿತ್ತು. ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದ ಕೆಲವು ಕೋವಿಗಳು ಮಾತ್ರ ಉಳಿದಿವೆ. ಚುನಾವಣೆ ಬಂದಾಗಲೆಲ್ಲ ಅವು ಠಾಣೆ ಸೇರಿ, ವಾರಗಟ್ಟಲೆ ಎಣ್ಣೆ ಕಾಣದೆ ಮರಳುತ್ತವೆ. ಎಣ್ಣೆಯ ಮಾತಿಗೆ ಬಂದರೆ, ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಸ್ಥಾಪಿಸಿದ ಜೈವಿಕ ಇಂಧನ ಉದ್ಯಾನದಲ್ಲಿ ಹೊಂಗೆ ಹಿಪ್ಪೆಗಳ ಎಣ್ಣೆಯನ್ನು ಡೀಸೆಲಿನ ಬದಲಿಯಾಗಿ ಅಭ್ಯಸಿಸಿದ್ದಾರೆ. ಎಣ್ಣೆಯನ್ನು ಕುರಿತ ಹಳ್ಳಿಯ ತಿಳಿವಳಿಕೆಯಲ್ಲಿ ಒಂದು ಶಾಖೆಯಾದರೂ ಹೀಗೆ ಬರೆಹಕ್ಕೆ ಬಂದಿರುವುದು ಸಂತೋಷ.

ಹೊಳೆನರಸೀಪುರ, ಅರಕಲಗೂಡುಗಳ ಹಳೆಯ ಮನೆಗಳ ಅಟ್ಟದಲ್ಲಿ ಅಜ್ಜನ ಕೋವಿ ಇನ್ನೂ ಇರುವವರಲ್ಲಿ ನನ್ನದೊಂದು ವಿನಂತಿ. ಅದರಲ್ಲಿ ಹಳೆಯ ಈಡು ಉಳಿದಿರಬಹುದಾದ್ದರಿಂದ ನೀವಾಗಿ ಅದನ್ನು ಕೆದಕಬೇಡಿ, ಕಾಯಿಸಬೇಡಿ. ಪರವಾನಗಿ ಇಲ್ಲದಿದ್ದರೆ ಠಾಣೆಗೆ ತಿಳಿಸಿ ಒಪ್ಪಿಸಿಬಿಡಿ. ಆದರೆ ಅದಕ್ಕೆ ಮೊದಲು, ಅದನ್ನು ತೊಳೆದು ಬಲ್ಲ ಹಿರಿಯರು ಮನೆಯಲ್ಲಿ ಒಬ್ಬರಾದರೂ ಇದ್ದರೆ, ಯಾವ ಬೂದಿ, ಯಾವ ಎಣ್ಣೆ, ಯಾವ ಮಾಸದಲ್ಲಿ ಎಷ್ಟು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳಿ.