ಬೆರಗಿನ ನೋಟದಿಂದ ನಗೆಯವರೆಗೆ: 'ಅಮ್ಯೂಸ್' ಪದದ ಕಥೆ

ಇಂಗ್ಲಿಷಿನ 'ಅಮ್ಯೂಸ್' ಎಂಬ ಕ್ರಿಯಾಪದಕ್ಕೆ ರಂಜಿಸು, ನಗಿಸು ಎಂದು ನಾವು ಅರ್ಥ ಹೇಳುತ್ತೇವೆ. ಆದರೆ ಈ ಪದ ಹುಟ್ಟಿನಿಂದಲೇ ಇಷ್ಟು ಸಾಧುವಾಗಿರಲಿಲ್ಲ.

ಹಳೆಯ ಫ್ರೆಂಚ್ ಭಾಷೆಯಲ್ಲಿ 'ಮ್ಯೂಸೆ' ಎಂದರೆ ಬಾಯಿ ತೆರೆದು ನೆಟ್ಟ ನೋಟದಿಂದ ನೋಡುವುದು, ಸುಮ್ಮನೆ ಹೊತ್ತು ಕಳೆಯುವುದು. ಅದರ ಹಿಂದೆ 'ಅ' ಸೇರಿದಾಗ, ಮತ್ತೊಬ್ಬರನ್ನು ಹಾಗೆ ಬೆಪ್ಪಾಗಿ ನಿಲ್ಲಿಸು ಎಂದಾಯಿತು. 15ನೆಯ ಶತಮಾನದ ಕೊನೆಗೆ ಇದು ಇಂಗ್ಲಿಷನ್ನು ಸೇರಿತು. 17 ಮತ್ತು 18ನೆಯ ಶತಮಾನಗಳಲ್ಲಿ ಗಮನವನ್ನು ಬೇರೆಡೆಗೆ ಸೆಳೆದು ವಂಚಿಸು ಎಂಬುದೇ ಇದರ ಬಳಕೆಯ ಅರ್ಥ. ಒಂದು ಕಡೆ ಸುಳ್ಳು ದಾಳಿಯ ಸದ್ದು ಮಾಡಿ ಶತ್ರುವನ್ನು ಮರುಳುಗೊಳಿಸುವ ಸೇನಾಪತಿಯೂ ಅವನನ್ನು 'ಅಮ್ಯೂಸ್' ಮಾಡುತ್ತಿದ್ದ! ನಗೆ, ವಿನೋದಗಳ ಅರ್ಥ ಮೇಲುಗೈ ಪಡೆದದ್ದು ಅನಂತರ.

ನಮ್ಮ ಪದಗಳು ಏನು ಹೇಳುತ್ತವೆ? ಇಂತಹ ಪ್ರಶ್ನೆಗೆ ಮಂಗಳೂರು ತಕ್ಕ ಸ್ಥಳ. ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ, ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಬಾಸೆಲ್ ಮಿಷನ್ ಮೂಲಕ ಹೊರಬಂದದ್ದು ಇಲ್ಲಿಂದಲೇ. 1994ರಲ್ಲಿ ಸ್ಥಾಪನೆಯಾದ ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿಯ ತುಳು ಭವನವಿರುವುದು ಇದೇ ನಗರದ ಉರ್ವಸ್ಟೋರಿನಲ್ಲಿ.

'ವಿನೋದ' ಎಂಬ ಸಂಸ್ಕೃತ ಪದದಲ್ಲಿರುವ 'ನುದ್' ಧಾತುವಿಗೆ ದೂಡು ಎಂದರ್ಥ; ಬೇಸರವನ್ನು ಆಚೆಗೆ ದೂಡುವುದೇ ವಿನೋದ. 'ರಂಜಿಸು' ಪದದ ಮೂಲವಾದ 'ರಂಜ್' ಧಾತುವಿಗೆ ಬಣ್ಣವೇರು, ಕೆಂಪಾಗು ಎಂದರ್ಥ. ರಂಗ, ರಾಗ ಎಂಬ ಮಾತುಗಳೂ ಇದೇ ಧಾತುವಿನ ಮಕ್ಕಳು. ಹಾಗಾದರೆ ಮನೋರಂಜನೆ ಎಂದರೆ ಮನಸ್ಸಿಗೆ ಬಣ್ಣವೇರಿಸುವುದು.

ಉರ್ವದ ಆಸುಪಾಸಿನಲ್ಲಿ "ಆಟಕ್ಕೆ ಹೋಗೋಣ" ಎಂದರೆ ಯಕ್ಷಗಾನಕ್ಕೆ ಹೋಗೋಣ ಎಂದೇ ತಿಳಿಯಬೇಕು. ಅಲ್ಲಿ ಕಲಾವಿದ ಮೊದಲು ಚೌಕಿಯಲ್ಲಿ ಕುಳಿತು ಮುಖಕ್ಕೆ ಬಣ್ಣ ಹಚ್ಚುತ್ತಾನೆ, ಆಮೇಲೆ ರಂಗಕ್ಕೆ ಬರುತ್ತಾನೆ. ಆಟ ಮುಗಿದ ಮೇಲೆ ಅವನ ಮುಖದ ಬಣ್ಣ ಅಳಿಯುತ್ತದೆ. ನೋಡಿದವರ ಮನಸ್ಸಿನಲ್ಲಿ ಪಾತ್ರದ ಮಾತು, ಧರ್ಮಾಧರ್ಮದ ವಾದ ಉಳಿಯುತ್ತದೆ.

ಒಂದು ಪದ ನೋಟವನ್ನು ಕಟ್ಟಿಹಾಕುವುದರಿಂದ ಹುಟ್ಟಿತು, ಇನ್ನೊಂದು ಬಣ್ಣ ಕೊಡುವುದರಿಂದ. ಕಿರುತೆರೆಯ ಮುಂದಾಗಲಿ, ಅಂಗೈಯಲ್ಲಿರುವ ಫೋನಿನ ಮುಂದಾಗಲಿ ಗಂಟೆಗಳು ಕಳೆದಾಗ ನಿಮ್ಮನ್ನೇ ಕೇಳಿಕೊಳ್ಳಿ: ಮನಸ್ಸಿಗೆ ಬಣ್ಣ ಬಂತೇ, ಅಥವಾ ಕಣ್ಣು ಮಾತ್ರ ನೆಟ್ಟು ನಿಂತಿತೇ?