ಹಳೆಯ ಕೋವಿಯ ಕುದುರೆ

ಗುಂಡ್ಲುಪೇಟೆಯಿಂದ ವೈನಾಡಿಗೆ ಹೋಗುವ ದಾರಿಯು ಸುಲ್ತಾನ್ ಬತ್ತೇರಿಯನ್ನು ಮುಟ್ಟುತ್ತದೆ. ಅಲ್ಲಿಯ ಜೈನ ಬಸದಿಯು ಟೀಪೂ ಸುಲ್ತಾನನ ಮದ್ದುಗುಂಡಿನ ಉಗ್ರಾಣವಾಗಿದ್ದುದರಿಂದಲೇ ಊರಿಗೆ ಆ ಹೆಸರು. ಚಾಮರಾಜನಗರವು ಆಗಿನ್ನೂ ಅರಿಕುಠಾರ. ತಂದೆಯ ಹುಟ್ಟೂರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು ಅದಕ್ಕೆ ಈಗಿನ ಹೆಸರನ್ನಿಟ್ಟುದು 1818ರಲ್ಲಿ. ಈ ಸೀಮೆಯು ಶ್ರೀರಂಗಪಟ್ಟಣದ ಕೋವಿಗಳನ್ನು ಕಂಡ ಕಾಲವದು.

ಆ ಕಾರ್ಖಾನೆಯ ಚಕಮಕಿ ಕೋವಿಯ ಕೀಲಿನಲ್ಲಿ ಒಂದೊಂದು ಭಾಗವನ್ನೂ ಅರದಿಂದ ಉಜ್ಜಿ ಇನ್ನೊಂದಕ್ಕೆ ಒಗ್ಗಿಸಿರುವರು. ಕಲ್ಲು ಹಿಡಿಯುವ ಕುದುರೆಯನ್ನು ಒಂದರಿಂದ ತೆಗೆದು ಮತ್ತೊಂದಕ್ಕೆ ತೊಡಿಸಿದರೆ ಚೌಕದ ತೂತು ಕೂಡದು. ಕೂಡಿದರೂ ಕಲ್ಲು ಉಕ್ಕಿನ ಮುಖಕ್ಕೆ ಸರಿಯಾಗಿ ತಾಗದು. ಇಂಗ್ಲೆಂಡಿನಲ್ಲಿಯೂ ಭಾಗಗಳು ಅದಲುಬದಲಾಗುವ ಸೇನಾಕೋವಿ ನೆಲೆಗೊಂಡುದು 1850ರ ದಶಕದಲ್ಲಿ, ಎನ್‌ಫೀಲ್ಡ್ ಕಾರ್ಖಾನೆಗೆ ಅಮೆರಿಕದ ಯಂತ್ರಗಳು ಬಂದಮೇಲೆ. ಅದಕ್ಕೆ ಮುಂಚೆ ಕುದುರೆ ಮುರಿದರೆ ಕಮ್ಮಾರನು ಕೈಗೆ ಸಿಕ್ಕಿದುದನ್ನೇ ಉಜ್ಜಿ ಕೂಡಿಸಬೇಕು. ಅದು ಬೇಜೋಡಿಯೇ ಸರಿ. ಆದರೂ ಆ ಕೋವಿಯ ಚರಿತ್ರೆಗೆ ಸೇರಿದುದು.

ಬೇಜೋಡಿಯೆಂದು ತೀರ್ಮಾನಿಸುವುದಾದರೂ ಸುಲಭವೇ? ಕೀಲಿನ ಮೇಲೆ 1221 ಎಂದಿದ್ದರೆ, ಹಿಜರಿಯೆಂದು ಎಣಿಸಿದವನಿಗೆ 1806 ಬರುತ್ತದೆ. ಟೀಪುವು ಮಡಿದುದು 1799ರಲ್ಲಿ. ಪಾಪ, ನಿಜವಾದ ಕೀಲೇ ಪರಕೀಯವೆಂದು ಕಿತ್ತುಹಾಕಲ್ಪಡುವುದು! ಅದು ಸುಲ್ತಾನನು ತಾನೇ ನಡೆಯಿಸಿದ ಮೌಲೂದಿ ವರ್ಷ, ಲೆಕ್ಕಕ್ಕೆ 1793. ಅದರ ಅಂಕಗಳನ್ನು ಬಲದಿಂದ ಎಡಕ್ಕೆ ಓದಬೇಕು. 1225 ಎಂಬುದು 5221 ಎಂದು ಕಾಣುವುದು.

ಹೊಸ ಕುದುರೆಯನ್ನು ತೊಡಿಸಲೇಬೇಕಾದಲ್ಲಿ, ಅದರ ಒಳಮೈಯಲ್ಲಿ ಮಾಡಿದ ವರ್ಷವನ್ನು ಕೊರೆದು, ತೆಗೆದ ಹಳೆಯದಕ್ಕೆ ಎಣ್ಣೆ ಸವರಿ ಕೋವಿಯ ಜೊತೆಯಲ್ಲಿಯೇ ಕಟ್ಟಿಡತಕ್ಕದ್ದು.